‘ಸೇವ್’ ಒತ್ತಿದ ಮೇಲಿನ ಮೂವತ್ತು ಸೆಕೆಂಡು

ದೊಡ್ಡ ವಿಡಿಯೊ ಒಂದನ್ನು ಪೆನ್‌ಡ್ರೈವಿಗೆ ನಕಲು ಮಾಡುತ್ತೀರಿ. ಪರದೆಯ ಮೇಲೆ ಕೆಲಸ ಮುಗಿದಂತೆ ಕಾಣುತ್ತದೆ. ‘ಇಜೆಕ್ಟ್’ ಒತ್ತಿದರೆ ಮಾತ್ರ ಇನ್ನೂ ಎರಡು ನಿಮಿಷ ಕಾಯಬೇಕಾಗುತ್ತದೆ. ಆ ಎರಡು ನಿಮಿಷ ಏನು ನಡೆಯುತ್ತಿರುತ್ತದೆ?

ಲಿನಕ್ಸ್‌ನಲ್ಲಿ ಪ್ರೋಗ್ರಾಮೊಂದು ಕಡತಕ್ಕೆ ಬರೆದಾಗ ಆ ಮಾಹಿತಿ ಸಾಮಾನ್ಯವಾಗಿ ಮೊದಲು ಸೇರುವುದು ಡಿಸ್ಕನ್ನಲ್ಲ, ಮೆಮೊರಿಯನ್ನು. ಅಲ್ಲಿ ಅದು ಹೆಚ್ಚಾಗಿ 4096 ಬೈಟ್‌ಗಳ ‘ಪೇಜ್’ಗಳಲ್ಲಿ ಕೂರುತ್ತದೆ. ಡಿಸ್ಕಿನ ಪ್ರತಿಗಿಂತ ಹೊಸದಾದ ಪೇಜ್‌ಗೆ ‘ಡರ್ಟಿ’ ಎಂಬ ಗುರುತು ಬೀಳುತ್ತದೆ. ಇನ್ನೂ ಬರೆಯಬೇಕಿದೆ ಎಂದಷ್ಟೇ ಅದರ ಅರ್ಥ. ಹಿನ್ನೆಲೆಯ ಕೆಲಸಗಾರನೊಬ್ಬ ಸಾಮಾನ್ಯ ಹೊಂದಾಣಿಕೆಯಲ್ಲಿ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡು ದಾಟಿದ ಪೇಜ್‌ಗಳನ್ನು ಡಿಸ್ಕಿಗೆ ಇಳಿಸುತ್ತಾನೆ. ಇಂಥ ಪೇಜ್‌ಗಳು ಲಭ್ಯ ಮೆಮೊರಿಯ ಶೇ 10 ಮೀರಿದರೆ ಅವಧಿಗೆ ಕಾಯದೆ ಶುರುಮಾಡುತ್ತಾನೆ. ಶೇ 20ರ ಹತ್ತಿರ ಬಂದಂತೆ ಬರೆಯುತ್ತಿರುವ ಪ್ರೋಗ್ರಾಮನ್ನೇ ತಡೆದು ನಿಧಾನಿಸಲಾಗುತ್ತದೆ. ‘ಇಜೆಕ್ಟ್’ ಒತ್ತಿದ ಮೇಲೆ ಕಾಯುವುದು, ಉಳಿದ ಡರ್ಟಿ ಪೇಜ್‌ಗಳು ಪೆನ್‌ಡ್ರೈವಿಗೆ ಇಳಿಯಲೆಂದೇ.

ಈ ತಡ ಉದ್ದೇಶಪೂರ್ವಕ. ಒಂದೇ ಪೇಜ್ ಹತ್ತು ಸಲ ಬದಲಾದರೂ ಕೊನೆಯ ರೂಪವನ್ನು ಒಮ್ಮೆ ಬರೆದರೆ ಸಾಕು. ಹುಟ್ಟಿ ಕ್ಷಣದಲ್ಲೇ ಅಳಿಯುವ ತಾತ್ಕಾಲಿಕ ಕಡತಗಳನ್ನು ಬರೆಯಬೇಕಾಗಿಯೇ ಇಲ್ಲ. ಅಂಚೆಯವರು ಕಾಗದಗಳನ್ನು ಬೀದಿವಾರು ಜೋಡಿಸಿಕೊಂಡು ಹೊರಡುವ ಹಾಗೆ, ಅಕ್ಕಪಕ್ಕದ ಪೇಜ್‌ಗಳನ್ನು ಒಟ್ಟುಗೂಡಿಸಿ ಬರೆಯಬಹುದು. ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಓದು-ಬರಹದ ತಲೆ ಜಾಗ ಬದಲಿಸಲು ಹಲವು ಮಿಲಿಸೆಕೆಂಡು ಹಿಡಿಯುವುದರಿಂದ ಈ ಉಳಿತಾಯ ದೊಡ್ಡದು. ಎಸ್‌ಎಸ್‌ಡಿಯಲ್ಲಿ ತಲೆಯ ಓಡಾಟವಿಲ್ಲ; ಆದರೂ ಚೂರುಚೂರಾಗಿ ಬರೆದರೆ ಸವೆತ ಹೆಚ್ಚು.

ಬರೆಯುವ ಮೊದಲೇ ಕರೆಂಟು ಹೋದರೆ ಆ ಮಾಹಿತಿ ಹೋದಂತೆಯೇ. ಅದಕ್ಕಾಗಿ ‘ಎಫ್‌ಸಿಂಕ್’ ಎಂಬ ಆದೇಶವಿದೆ: ಈ ಕಡತವನ್ನು ಡಿಸ್ಕಿಗೆ ತಲುಪಿಸಿ, ಆಮೇಲೆ ಉತ್ತರ ಕೊಡು ಎಂದು. ಇದನ್ನೂ ಎಚ್ಚರದಿಂದ ಬಳಸಬೇಕೆಂದು 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ತಂಡಕ್ಕೆ ಮನವರಿಕೆಯಾಯಿತು. ಡಿಸ್ಕಿಗೆ ಬರೆಯುವುದು ವಿಫಲವಾದಾಗ ಲಿನಕ್ಸ್ ಒಮ್ಮೆ ದೋಷ ತಿಳಿಸಿ ‘ಡರ್ಟಿ’ ಗುರುತನ್ನು ಅಳಿಸಿಬಿಡುತ್ತಿತ್ತು. ಮತ್ತೆ ಕೇಳಿದರೆ ಎಲ್ಲವೂ ಸರಿಯಿದೆ ಎಂಬ ಉತ್ತರ. ಮಾಹಿತಿ ಮಾತ್ರ ಡಿಸ್ಕಿನಲ್ಲಿಲ್ಲ. ಈಗ ಪೋಸ್ಟ್‌ಗ್ರೆಸ್ ಇಂಥ ದೋಷ ಕಂಡೊಡನೆ ತಾನೇ ನಿಂತು, ತನ್ನ ದಾಖಲೆ ಪುಸ್ತಕವಾದ ‘ಲಾಗ್’ನಿಂದ ಎಲ್ಲವನ್ನೂ ಪುನಃ ಕಟ್ಟಿಕೊಳ್ಳುತ್ತದೆ.

ತಡಮಾಡಿ ಬರೆಯುವ ಪದ್ಧತಿಯನ್ನು ದೂರಬೇಕಿಲ್ಲ ಎಂದೇ ನನ್ನ ಅನಿಸಿಕೆ. ಅದಿಲ್ಲದೆ ನಮ್ಮ ಕಂಪ್ಯೂಟರುಗಳು ತೆವಳುತ್ತಿದ್ದವು. ಆದರೆ ರೋಗಿಯ ವಿವರ, ವಿದ್ಯಾರ್ಥಿಯ ಅಂಕ, ಅಂಗಡಿಯ ಲೆಕ್ಕ ಇವನ್ನು ಕಾಪಾಡುವ ತಂತ್ರಾಂಶಗಳು ಎಫ್‌ಸಿಂಕ್‌ನ ಉತ್ತರ ಬಂದ ಮೇಲಷ್ಟೇ ‘ಉಳಿಸಲಾಗಿದೆ’ ಎಂದು ತೋರಿಸಬೇಕು. ಅದಕ್ಕೆ ಹಿಡಿಯುವ ಕೆಲವು ಮಿಲಿಸೆಕೆಂಡು ಬಳಕೆದಾರರ ಗಮನಕ್ಕೂ ಬಾರದು.