ಅರ್ಧ ಬ್ಯಾಟ್‌ಮ್ಯಾನ್, ಅರ್ಧ ಜೋಕರ್... ಹಾಡು ಮಾತ್ರ ನಾಪತ್ತೆ!

ಚಿತ್ರ ತೆರೆಗೆ ಬರುವ ಮೊದಲೇ ಹಾಡು ಬಿಟ್ಟು ಜನರಿಗೆ ಹುಚ್ಚು ಹಿಡಿಸುವ ವಿದ್ಯೆ ತಮ್ಮದೇ ಎಂದು ಗಾಂಧಿನಗರದ ಕೆಲವು ಮಹಾಶಯರು ಬೀಗುತ್ತಾರೆ. ಬೀಗಲಿ ಬಿಡಿ. ಈ ವಿದ್ಯೆಯಲ್ಲಿ ಪಳಗಿದ ಗುರು ಅಮೆರಿಕದಲ್ಲಿದ್ದ. ಹೆಸರು ಪ್ರಿನ್ಸ್! (ನಮ್ಮ ಆಕ್ಷನ್ ಪ್ರಿನ್ಸ್ ಅಲ್ಲ ಸ್ವಾಮಿ, ಅವರ ವಿಷಯಕ್ಕೆ ಆಮೇಲೆ ಬರ್ತೀನಿ.)

1989. ಟಿಮ್ ಬರ್ಟನ್ ನಿರ್ದೇಶನದ 'ಬ್ಯಾಟ್‌ಮ್ಯಾನ್' ಜೂನ್ 23ಕ್ಕೆ ತೆರೆ ಕಾಣಬೇಕು. ಅದಕ್ಕೂ ಮೊದಲೇ ಪಾಪ್ ಗಾಯಕ ಪ್ರಿನ್ಸ್‌ನ 'ಬ್ಯಾಟ್‌ಡ್ಯಾನ್ಸ್' ಹೊರಬಿತ್ತು. ಅದರ ವಿಡಿಯೋ ನೋಡಬೇಕು ನೀವು! ಮೈಯ ಒಂದು ಪಕ್ಕ ಜೋಕರನ ವೇಷ, ಇನ್ನೊಂದು ಪಕ್ಕ ಬ್ಯಾಟ್‌ಮ್ಯಾನ್. ಹೀರೋನೂ ಅವನೇ, ವಿಲನ್ನೂ ಅವನೇ. ಸುತ್ತ ಒಂದು ದಂಡು ಬ್ಯಾಟ್‌ಮ್ಯಾನ್‌ಗಳು, ಒಂದು ದಂಡು ಜೋಕರ್‌ಗಳು ಕುಣಿದದ್ದೇ ಕುಣಿದದ್ದು. ಚಿತ್ರದ ನಾಯಕ ಮೈಕೆಲ್ ಕೀಟನ್ ಅಲ್ಲಿ ಕುಣಿಯುವುದಿಲ್ಲ. ಚಿತ್ರದ ಸಂಭಾಷಣೆಯ ತುಣುಕುಗಳಷ್ಟೇ ಹಾಡಿನ ನಡುವೆ ಕೇಳುತ್ತವೆ. ತೆಗೆದವರು ಪ್ರಿನ್ಸ್‌ನ 'ಪರ್ಪಲ್ ರೇನ್' ನಿರ್ದೇಶಿಸಿದ್ದ ಆಲ್ಬರ್ಟ್ ಮ್ಯಾಗ್ನೋಲಿ. ಆಗಸ್ಟ್‌ನಲ್ಲಿ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಂಬರ್ ಒನ್!

ತಮಾಷೆ ಈಗ ಕೇಳಿ. ಟಿಕೆಟ್ ತಗೊಂಡು ಒಳಗೆ ಹೋದರೆ ಚಿತ್ರದಲ್ಲಿ ಆ ಹಾಡೇ ಇಲ್ಲ! ಪ್ರಿನ್ಸ್‌ನ ಬೇರೆ ಹಾಡುಗಳಿವೆ. ಜೋಕರ್ ಆಗಿದ್ದ ಜ್ಯಾಕ್ ನಿಕೋಲ್ಸನ್ 'ಪಾರ್ಟಿಮ್ಯಾನ್'ಗೆ ಕುಣಿಯುತ್ತಾನೆ. ಬ್ಯಾಟ್‌ಡ್ಯಾನ್ಸ್ ಮಾತ್ರ ನಾಪತ್ತೆ.

ಈ ಕೆಲಸವನ್ನು ಪಿರಿಯಾಪಟ್ಟಣದಲ್ಲೋ ಕೆ.ಆರ್. ನಗರದಲ್ಲೋ ಮಾಡಿದ್ದರೆ ಸೀಟುಗಳು ಉಳಿಯುತ್ತಿದ್ದವೇ? ನಮ್ಮವರಿಗೆ ಹಾಡು ತೆರೆಯ ಮೇಲೆ, ಹೀರೋ ಬಾಯಲ್ಲೇ ಬರಬೇಕು. 1978ರ 'ಆಪರೇಷನ್ ಡೈಮಂಡ್ ರಾಕೆಟ್' ನೆನಪಿಸಿಕೊಳ್ಳಿ. ಸಿ.ಐ.ಡಿ. 999 ಆಗಿ ಅಣ್ಣಾವ್ರು ಇಂಗ್ಲಿಷ್ ಹಾಡನ್ನೇ ಹಾಡಿಬಿಟ್ಟರು. ತೆರೆಯ ಮೇಲೂ ಅವರೇ, ಕಂಠವೂ ಅವರದೇ. ಮುಖವಾಡವಿಲ್ಲದ ನಮ್ಮ ಸೂಪರ್ ಹೀರೋ ಅವರು ತಾನೇ?

ಇನ್ನು ನಮ್ಮ ಆಕ್ಷನ್ ಪ್ರಿನ್ಸ್ ಧ್ರುವ ಸರ್ಜಾ. 'ಪೊಗರು' ಚಿತ್ರದ 'ಖರಾಬು' ಹಾಡು ಬಂದದ್ದು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಆಗಿ ಚಿತ್ರಮಂದಿರಗಳಿಗೆ ಬೀಗ ಬಿದ್ದಿದ್ದಾಗ. ಬರೆದು, ರಾಗ ಹಾಕಿ, ಹಾಡಿದ್ದು ರ‍್ಯಾಪರ್ ಚಂದನ್ ಶೆಟ್ಟಿ. ಚಿತ್ರ ಬಂದದ್ದು 2021ರ ಫೆಬ್ರವರಿ 19ಕ್ಕೆ! ಹತ್ತು ತಿಂಗಳು ಅಭಿಮಾನಿಗಳ ಪಾಲಿಗೆ ಹಾಡೇ ಸಿನಿಮಾ. ಆದರೆ ಹಾಡು ಚಿತ್ರದಲ್ಲಿತ್ತು, ಅಷ್ಟು ನಿಯತ್ತು ಉಳಿಸಿಕೊಂಡರು. (ಹುಡುಗಿಯನ್ನು ಗೋಳು ಹೊಯ್ದುಕೊಳ್ಳುವ ಆ ಪರಿ ನನಗೆ ಹಿಡಿಸಲಿಲ್ಲ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗಿಯರ ಎದುರು ಅದನ್ನು ಜೋರಾಗಿ ಹಾಕುವ ಗಂಡುಗಲಿಗಳೇ, ಫೋನಿನ ಸೌಂಡು ಸ್ವಲ್ಪ ಕಮ್ಮಿ ಮಾಡ್ರಪ್ಪ.)

ಪ್ರಚಾರಕ್ಕೊಂದು ಹಾಡು, ಚಿತ್ರದೊಳಗೆ ಬೇರೆಯೇ ಹಾಡು ಎಂಬ ಚಾಳಿ ನಮ್ಮಲ್ಲೂ ಕೆಲವರಿಗೆ ಅಂಟಿದೆ. ಎಚ್.ಡಿ. ಕೋಟೆ ಕಡೆಯ ಹುಡುಗ ಮೈಸೂರಿಗೆ ಹೋಗಿ ಸಿನಿಮಾ ನೋಡಿ ಬರಬೇಕಾದರೆ ಒಂದು ದಿನದ ಕೂಲಿ ಬಿಡಬೇಕು. ಬಸ್ ಚಾರ್ಜು, ಟಿಕೆಟ್ಟು, ಟೀ... ಕಡೇ ಬಸ್ಸು ತಪ್ಪಿದರೆ ಸ್ಟ್ಯಾಂಡಿನ ಬೆಂಚೇ ಗತಿ. ಅವನು ಹೋಗುವುದು ಫೋನಿನಲ್ಲಿ ನೂರು ಸಲ ನೋಡಿದ ಹಾಡನ್ನು ದೊಡ್ಡ ತೆರೆಯಲ್ಲಿ ಒಂದೇ ಸಲ ನೋಡಿ ಶಿಳ್ಳೆ ಹೊಡೆಯಲು. ನಿರ್ಮಾಪಕ ಮಹಾಶಯರೇ, ಹಾಡು ಚಿತ್ರದಲ್ಲಿ ಇಲ್ಲವಾದರೆ ಪೋಸ್ಟರಿನಲ್ಲೇ ದಪ್ಪಕ್ಷರದಲ್ಲಿ ಹಾಕಿಸಿಬಿಡಿ: 'ಈ ಹಾಡು ಪ್ರಚಾರಕ್ಕೆ ಮಾತ್ರ'. ಬಸ್ಸು ಹತ್ತೋದು ಬಿಡೋದು ಅವನಿಷ್ಟ!