ಆಮೆಗೆ ಹುಲ್ಲು ಹಾಕಿ, ಮರುಕ ಬೇಡ

ನಮ್ಮ ಹಿತ್ತಲಲ್ಲಿ ಆಮೆ ಇದೆ ಅಂತ ಗೊತ್ತಾದ ಕೂಡ್ಲೇ ಎಲ್ರೂ ಕೇಳೋ ಮೊದಲ ಪ್ರಶ್ನೆ, "ಅದಕ್ಕೆ ತಿನ್ನೋಕೆ ಏನು ಹಾಕ್ತೀರಾ?" ನಾನು "ಹುಲ್ಲು" ಅಂತೀನಿ. ಎರಡನೇ ಪ್ರಶ್ನೆ ತಕ್ಷಣ ಬರುತ್ತೆ: "ಅಯ್ಯೋ, ಬರೀ ಹುಲ್ಲಾ?"

ಆ "ಅಯ್ಯೋ" ಇದೆಯಲ್ಲ, ಅದರ ಬಗ್ಗೆಯೇ ಈ ಬರಹ. ಸಾಕಿದ ಆಮೆಗಳ ಆರೋಗ್ಯ ಕೆಡೋದು ಹೊಟ್ಟೆಗೆ ಕಮ್ಮಿ ಆಗಿ ಅಲ್ಲ, ಬಹುತೇಕ ಸಲ ಈ "ಅಯ್ಯೋ"ದಿಂದ ಅನ್ನೋದು ನನ್ನ ಅಭಿಪ್ರಾಯ. ನಮಗೆ ಪ್ರೀತಿ ಅಂದ್ರೆ ಬಡಿಸೋದು. ಮನೆಗೆ ಬಂದವರಿಗೆ "ಇನ್ನೊಂದು ಸೌಟು" ಅನ್ನದೇ ಇದ್ರೆ ನಮಗೆ ಸಮಾಧಾನ ಇಲ್ಲ. ನಾಯಿ, ಬೆಕ್ಕು, ಹಸುಗಳು ಈ ಪ್ರೀತಿಯನ್ನ ಹೇಗೋ ಜೀರ್ಣಿಸಿಕೊಳ್ಳುತ್ವೆ. ಆಮೆಗೆ ಆಗಲ್ಲ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ತೀನಿ, ಇಲ್ಲಾಂದ್ರೆ ಕಮೆಂಟಲ್ಲಿ ಜಗಳ ಶುರುವಾಗುತ್ತೆ :) ಕನ್ನಡದಲ್ಲಿ ನೆಲದ ಮೇಲೆ ಬದುಕೋದಕ್ಕೂ ಆಮೆ ಅಂತೀವಿ, ಕೆರೆಯಲ್ಲಿ ಈಜೋದಕ್ಕೂ ಆಮೆ ಅಂತೀವಿ. ಊಟದ ವಿಷಯಕ್ಕೆ ಬಂದ್ರೆ ಎರಡೂ ಬೇರೆ ಬೇರೆ. ಅಂಗಡಿಗಳಲ್ಲಿ ಗಾಜಿನ ತೊಟ್ಟಿಯಲ್ಲಿಟ್ಟು ಮಾರೋ ಕೆಂಪು ಕಿವಿಯ ಪುಟ್ಟ ಆಮೆ ಮೀನು, ಹುಳ, ನೀರಿನ ಗಿಡ ಎಲ್ಲ ತಿನ್ನೋ ನೀರಾಮೆ. ನಾನು ಮಾತಾಡ್ತಿರೋದು ನೆಲದಾಮೆ ಬಗ್ಗೆ. ಅದರಲ್ಲೂ ಹುಲ್ಲು-ಸೊಪ್ಪು ತಿಂದು ಒಣ ಪ್ರದೇಶದಲ್ಲಿ ಬದುಕೋ ಜಾತಿಗಳ ಬಗ್ಗೆ. "ಆಮೆ ಆಹಾರ" ಅಂತ ಬರೆದ ಡಬ್ಬಿ ನೋಡಿ ನೀರಾಮೆಯ ಕಡ್ಡಿಗಳನ್ನ ತಂದು ನೆಲದಾಮೆಗೆ ಹಾಕಿದ್ರೆ, ಹಸುವಿಗೆ ಮೀನು ಸಾರು ಕುಡಿಸಿದ ಹಾಗೆ.

ನಾವಿರೋದು ಅಮೆರಿಕದ ಅರಿಜೋನಾದ ಫೀನಿಕ್ಸ್‌ನಲ್ಲಿ. ಇಲ್ಲಿನ ಸೊನೋರಾ ಮರುಭೂಮಿಗೆ ಅದರದ್ದೇ ಆದ ಆಮೆ ಇದೆ. ಮೊದಲು ಇದನ್ನೂ ಪಕ್ಕದ ಮೊಹಾವೆ ಮರುಭೂಮಿಯದನ್ನೂ ಒಂದೇ ಅಂದುಕೊಂಡಿದ್ರು, 2011ರಲ್ಲಿ ಬೇರೆ ಜಾತಿ ಅಂತ ವಿಂಗಡಿಸಿದ್ರು. ಕಾಡಿಂದ ಹಿಡಿದು ತರೋದು ಅಪರಾಧ. ಆದ್ರೆ ಯಾರದೋ ಮನೆಯಲ್ಲಿ ಬೆಳೆದ ಆಮೆಗಳನ್ನ ಮತ್ತೆ ಮರುಭೂಮಿಗೆ ಬಿಡೋ ಹಾಗೂ ಇಲ್ಲ, ಸಾಕಿದ ಆಮೆಗಳಿಂದ ಉಸಿರಾಟದ ಕಾಯಿಲೆ ಕಾಡಿನವಕ್ಕೆ ಹರಡುತ್ತೆ. ಹಾಗಾಗಿ ರಾಜ್ಯದ ವನ್ಯಜೀವಿ ಇಲಾಖೆಯೇ ಇವನ್ನ ದತ್ತು ಕೊಡುತ್ತೆ. ಹಿತ್ತಲು, ಗೋಡೆ, ಬಿಲ ಎಲ್ಲ ಸರಿಯಾಗಿದ್ರೆ ಮಾತ್ರ.

ನಮ್ಮ ಮನೆಗೆ ಬಂದದ್ದು ಹಾಗೆ ಬಂದ ಗಂಡಾಮೆ. ಮುಂಚೆ ಅವನನ್ನ ಸಾಕಿದವರು ನೀರು ತುಂಬಿದ ತೆಳು ಲೆಟಿಸ್ ಎಲೆ, ಬಾಳೆಹಣ್ಣು, ಆಗಾಗ ನಾಯಿ ಬಿಸ್ಕತ್ತು ಹಾಕಿ ಸಾಕಿದ್ರಂತೆ. ಅವರು ಕೆಟ್ಟವರಲ್ಲ, ಅವನ ಮೇಲೆ ಪ್ರಾಣವನ್ನೇ ಇಟ್ಟಿದ್ದವರು. ಆದ್ರೆ ಬಂದಾಗ ಅವನ ಕೊಕ್ಕು ಬಾಗಿ ಬೆಳೆದು ಬಾಯಿ ಸರಿಯಾಗಿ ಮುಚ್ಚುತ್ತಿರಲಿಲ್ಲ, ಡಾಕ್ಟರ್ ಹತ್ರ ಅರದಲ್ಲಿ ಉಜ್ಜಿಸಬೇಕಾಯ್ತು. ಚಿಪ್ಪಿನ ಮೇಲೆ ಗೋಪುರದ ಹಾಗೆ ಉಬ್ಬುಗಳು. ಕೊಕ್ಕು ಸರಿಹೋಯ್ತು, ಉಬ್ಬುಗಳು ಹೋಗಲ್ಲ. ಎಳೆ ವಯಸ್ಸಲ್ಲಿ ಚಿಪ್ಪು ಒಮ್ಮೆ ತಪ್ಪಾಗಿ ಬೆಳೆದ್ರೆ ಜೀವನಪೂರ್ತಿ ಹಾಗೇ ಇರುತ್ತೆ.

ಅಮ್ಮ ಊರಿಂದ ಬಂದಿದ್ದಾಗ ನಡೆದ ಮಾತು ಇದು.

"ಏನೋ ಇದು, ಪಾಪ, ಬಾಯಿಲ್ಲದ ಪ್ರಾಣಿ. ಒಂದು ಹಿಡಿ ಅನ್ನ ಹಾಕೋಕೆ ನಿಂಗೇನು ಕಷ್ಟ?"

"ಅಮ್ಮಾ, ಅದಕ್ಕೆ ಅನ್ನ ಆಗಲ್ಲ."

"ನೆನೆಸಿದ ಹೆಸರುಬೇಳೆ?"

"ಆಗಲ್ಲಮ್ಮಾ."

"ಪಾಲಕ್ ಆದ್ರೂ ಕೊಡೋ, ಸೊಪ್ಪೇ ಅಲ್ವಾ!"

ಅಮ್ಮನ ಪಟ್ಟಿಯನ್ನೇ ಇಟ್ಕೊಂಡು ಒಂದೊಂದಾಗಿ ಹೇಳ್ತೀನಿ, ಯಾಕಂದ್ರೆ ನಮ್ಮವರೆಲ್ಲರ ಪಟ್ಟಿಯೂ ಇದೇ.

ಅನ್ನ, ಬ್ರೆಡ್, ಬಿಸ್ಕತ್ತು: ಹುಲ್ಲು ತಿನ್ನೋ ಆಮೆಯ ಕರುಳಲ್ಲಿ ನಾರನ್ನ ಒಡೆಯೋ ಸೂಕ್ಷ್ಮಜೀವಿಗಳಿರುತ್ವೆ, ಹಸುವಿನ ಹೊಟ್ಟೆಯಲ್ಲಿರೋ ಹಾಗೆ. ಜೀರ್ಣ ನಿಧಾನವಾಗಿ, ದಿನಗಟ್ಟಲೆ ನಡೆಯುತ್ತೆ. ಅಲ್ಲಿಗೆ ಪಿಷ್ಟ, ಸಕ್ಕರೆ ಹೋಗಿ ಬಿದ್ರೆ ಸಂಸಾರವೇ ಏರುಪೇರು: ಭೇದಿ, ಹೊಟ್ಟೆಯುಬ್ಬರ. ಸಿಹಿಯಾದ ಹಣ್ಣುಗಳನ್ನ ದಿನಾ ಕೊಟ್ರೂ ಇದೇ ಕಥೆ.

ಬೇಳೆಕಾಳು, ನಾಯಿ-ಬೆಕ್ಕಿನ ತಿಂಡಿ: ಪ್ರೋಟೀನ್ ಜಾಸ್ತಿ. ಆಮೆ ಅದರ ಉಳಿಕೆಯನ್ನ ಯೂರಿಕ್ ಆಮ್ಲ ಮಾಡಿ ಹೊರಗೆ ಹಾಕುತ್ತೆ. ನೀರು ಸಾಲದೇ ಹೋದ್ರೆ ಅದು ಮೂತ್ರಕೋಶದಲ್ಲಿ ಕಲ್ಲಾಗುತ್ತೆ, ಮೂತ್ರಪಿಂಡವೂ ಸೋಲುತ್ತೆ.

ಪಾಲಕ್: ಸೊಪ್ಪೇ, ಒಪ್ಪಿದೆ. ಆದ್ರೆ ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನ ಹಿಡಿದಿಟ್ಟುಕೊಂಡು ಮೈಗೆ ಹತ್ತದ ಹಾಗೆ ಮಾಡುತ್ತೆ. ಎಂದೋ ಒಂದೆಲೆ ತಿಂದ್ರೆ ಸಾಯಲ್ಲ, ದಿನಾ ಊಟ ಅದೇ ಆಗಬಾರದು ಅಷ್ಟೆ.

ಟೊಮೆಟೊ, ಸೌತೆಕಾಯಿ, ಬಾಳೆಹಣ್ಣು: ಆಮೆಗೆ ರಂಜಕಕ್ಕಿಂತ ಕ್ಯಾಲ್ಸಿಯಂ ಕನಿಷ್ಠ ಎರಡು ಪಟ್ಟು ಬೇಕು. ಈ ಮೂರರಲ್ಲೂ ಲೆಕ್ಕ ಉಲ್ಟಾ. ಮನೆಯನ್ನೇ ಬೆನ್ನಮೇಲೆ ಕಟ್ಟಿಕೊಂಡ ಪ್ರಾಣಿಗೆ ಕ್ಯಾಲ್ಸಿಯಂ ಕಮ್ಮಿಯಾದ್ರೆ ಏನಾಗುತ್ತೆ? ಚಿಪ್ಪು ಮೆತ್ತಗಾಗುತ್ತೆ, ಕಾಲು ಎಳೆಯೋಕೆ ಶುರುವಾಗುತ್ತೆ.

ಹಾಗಾದ್ರೆ ಏನು ಹಾಕೋದು? ಇಲ್ಲೇ ನನಗೆ ಖುಷಿ ಕೊಡೋ ವಿಷಯ ಇರೋದು. ಅಮ್ಮನಿಗೂ ಕೊನೆಗೆ ಸಮಾಧಾನ ಆಗಿದ್ದು ಇದರಿಂದಲೇ. ಇಲ್ಲಿ ಲಾನ್‌ಗೆ ಹಾಕೋ "ಬರ್ಮುಡಾ ಗ್ರಾಸ್" ಬೇರೇನೂ ಅಲ್ಲ, ನಮ್ಮ ಗರಿಕೆ! ಗಣಪತಿಗೆ ಇಪ್ಪತ್ತೊಂದು ಎಸಳು ಎಣಿಸಿ ಏರಿಸ್ತೀವಲ್ಲ, ಅದೇ. ನಮ್ಮ ಆಮೆರಾಯ ಅದನ್ನ ಎಣಿಸದೇ ಮೇಯ್ತಾನೆ. ದಾಸವಾಳದ ಹೂ ಮತ್ತು ಎಲೆ ಅವನಿಗೆ ಪಂಚಪ್ರಾಣ. ಇಲ್ಲಿನ ಮರುಭೂಮಿಯಲ್ಲಿ ಕಿತ್ತಳೆ ಬಣ್ಣದ ಹೂ ಬಿಡೋ ಗ್ಲೋಬ್ ಮ್ಯಾಲೋ ಅನ್ನೋ ಗಿಡವನ್ನೂ ತಿಂತಾನೆ, ಅದೂ ದಾಸವಾಳ, ಬೆಂಡೆಗಳ ಕುಟುಂಬದ್ದೇ. ಹಳೇ ಬಡಾವಣೆಗಳಲ್ಲಿ ನೆರಳಿಗೆ ನೆಟ್ಟ ಹಿಪ್ಪುನೇರಳೆ ಮರಗಳಿವೆ, ರಾಮನಗರದಲ್ಲಿ ರೇಷ್ಮೆಹುಳಕ್ಕೆ ಹಾಕೋ ಸೊಪ್ಪು ಇಲ್ಲಿ ಆಮೆಗೆ. ದ್ರಾಕ್ಷಿ ಎಲೆಯೂ ಆಗುತ್ತೆ. ಮತ್ತೆ ಪಾಪಾಸುಕಳ್ಳಿ: ನಮ್ಮೂರ ಬೇಲಿಗಳಲ್ಲಿ ಬೈಸಿಕೊಂಡು ಬೆಳೆಯೋ ಈ ಕಳ್ಳಿಯ ತವರು ಅಮೆರಿಕ ಖಂಡಗಳೇ. ಮುಳ್ಳು ಸುಟ್ಟು ಒಂದು ತುಂಡು ಕೊಟ್ರೆ ನೀರು, ನಾರು, ಕ್ಯಾಲ್ಸಿಯಂ ಮೂರೂ ಸಿಕ್ಕಿತು. ಬೇಸಿಗೆ ಕೊನೆಗೆ ಅದರ ಕೆಂಪು ಹಣ್ಣು ತಿಂದಾಗ ಇವನ ಮುಖ ನೋಡಬೇಕು, ಎಲೆಯಡಿಕೆ ಹಾಕಿದ ಅಜ್ಜನ ಹಾಗೇ ಇರ್ತಾನೆ :)

ನಾನು ಇಟ್ಟುಕೊಂಡಿರೋ ಲೆಕ್ಕ ಸರಳ. ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲು ಮತ್ತು ಕಳೆ ಗಿಡ, ಉಳಿದದ್ದರಲ್ಲಿ ಎಲೆ, ಹೂವು, ಕಳ್ಳಿ. ಹಣ್ಣು ಅಂದ್ರೆ ಹಬ್ಬದ ಹೋಳಿಗೆ ಇದ್ದಂಗೆ, ಅದೂ ಕಳ್ಳಿಯ ಹಣ್ಣೇ. ಗಿಣಿಯ ಪಂಜರದಲ್ಲಿ ನೇತುಹಾಕ್ತಾರಲ್ಲ, ಆ ಸಮುದ್ರದ ನೊರೆಯ ಒಂದು ತುಂಡು ಮೂಲೆಯಲ್ಲಿ ಬಿದ್ದಿರುತ್ತೆ, ಬೇಕಾದಾಗ ಬಂದು ಕಡೀತಾನೆ. ಔಷಧ ಹೊಡೆದ ಹುಲ್ಲು ಹತ್ರಕ್ಕೂ ಸೇರಿಸಲ್ಲ. ಕಣಗಿಲೆ ಗಿಡ ಹಿತ್ತಲಲ್ಲಿ ಇರಲೇಬಾರದು. ದೇವರಿಗೆ ಆಗುತ್ತೆ, ಆಮೆಗೆ ವಿಷ.

ಊಟ ಅಂದ್ರೆ ಬರೀ ತಟ್ಟೆಯಲ್ಲಿರೋದಲ್ಲ, ಅದನ್ನೂ ಹೇಳಬೇಕು. ಎಷ್ಟೇ ಕ್ಯಾಲ್ಸಿಯಂ ತಿಂದ್ರೂ ಮೈಗೆ ಹತ್ತೋಕೆ ವಿಟಮಿನ್ ಡಿ ಬೇಕು, ಅದಕ್ಕೆ ನೇರ ಬಿಸಿಲು ಬೇಕು. ಕಿಟಕಿ ಗಾಜಿನ ಮೂಲಕ ಬರೋ ಬಿಸಿಲಲ್ಲಿ ಆ ಕಿರಣಗಳು ಇರಲ್ಲ, ಗಾಜೇ ತಡೆದುಬಿಡುತ್ತೆ. ನೀರಿನ ಕಥೆಯೂ ಅಷ್ಟೆ. ಚಿಪ್ಪು ಉಬ್ಬೋದಕ್ಕೆ ಪ್ರೋಟೀನ್ ಒಂದೇ ಕಾರಣ ಅಂತ ಬಹಳ ದಿನ ನಂಬಿದ್ರು. 2003ರಲ್ಲಿ ಆಫ್ರಿಕಾದ ದೊಡ್ಡ ಜಾತಿಯ ಮರಿಗಳ ಮೇಲೆ ನಡೆದ ಅಧ್ಯಯನದಲ್ಲಿ ಪ್ರೋಟೀನ್‌ಗಿಂತ ಗಾಳಿಯ ತೇವ ಕಮ್ಮಿ ಇರೋದೇ ಹೆಚ್ಚು ಪರಿಣಾಮ ಮಾಡುತ್ತೆ ಅಂತ ಕಂಡುಬಂತು. ಮರುಭೂಮಿಯ ಆಮೆಯೂ ದಿನದ ಬಹುಪಾಲು ಇರೋದು ಬಿಲದ ತಂಪಲ್ಲಿ ಅನ್ನೋದನ್ನ ಮರೀಬಾರದು. ಇನ್ನು ಚಳಿಗಾಲ ಬಂತು ಅಂದ್ರೆ ಊಟವೇ ಇಲ್ಲ. ಮೈ ತಣ್ಣಗಾದ್ರೆ ಜೀರ್ಣ ನಿಂತುಹೋಗುತ್ತೆ, ಹೊಟ್ಟೆಯಲ್ಲಿ ಉಳಿದದ್ದು ಕೊಳೆಯುತ್ತೆ. ಅದಕ್ಕೇ ನಿದ್ದೆಗೆ ಹೋಗೋ ವಾರಗಳ ಮುಂಚೆಯೇ ತಟ್ಟೆ ಎತ್ತಿಡಬೇಕು. ಆ ದಿನಗಳಲ್ಲಿ "ಅಯ್ಯೋ ಪಾಪ" ಅಂತ ಒಂದೆಲೆ ತಿನ್ನಿಸೋದು ಅದಕ್ಕೆ ಮಾಡೋ ದೊಡ್ಡ ಅನ್ಯಾಯ.

ಇಷ್ಟೆಲ್ಲ ಹೇಳಿದ ಮೇಲೂ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, "ನಮ್ಮ ಚಿಕ್ಕಪ್ಪನ ಮನೆ ಆಮೆ ಹತ್ತು ವರ್ಷದಿಂದ ಅನ್ನ, ಟೊಮೆಟೊ ತಿಂದೇ ಗಟ್ಟಿಮುಟ್ಟಾಗಿದೆ ಕಣ್ರೀ." ನನ್ನ ಉತ್ತರ: ಐವತ್ತು, ಅರವತ್ತು ವರ್ಷ ಬದುಕಬಲ್ಲ ಪ್ರಾಣಿಗೆ ಹತ್ತು ವರ್ಷ ಅಂದ್ರೆ ಬಾಲ್ಯ. ಆಮೆ ಎಲ್ಲವನ್ನೂ ನಿಧಾನವಾಗಿ ಮಾಡುತ್ತೆ, ಸಾಯೋದನ್ನೂ ಕೂಡ. ಅದು ಕೂಗಲ್ಲ, ಕುಂಟಿದ್ರೂ ಗೊತ್ತಾಗಲ್ಲ. ನಮಗೆ ಗೊತ್ತಾಗೋ ಹೊತ್ತಿಗೆ ಎಷ್ಟೋ ವರ್ಷಗಳ ಹಾನಿ ಆಗಿರುತ್ತೆ. "ಇನ್ನೂ ಸತ್ತಿಲ್ಲ" ಅನ್ನೋದು ಆರೋಗ್ಯದ ಸರ್ಟಿಫಿಕೇಟ್ ಅಲ್ಲ.

ಇನ್ನು ಕೆಲವರು ಸೇಂಟ್ ಹೆಲೆನಾ ದ್ವೀಪದ ಜೊನಾಥನ್ ಉದಾಹರಣೆ ಕೊಡ್ತಾರೆ. 1832ರ ಸುಮಾರಿಗೆ ಹುಟ್ಟಿದ್ದು ಅಂತ ಅಂದಾಜು ಮಾಡಿರೋ ದೈತ್ಯ ಆಮೆ ಅದು. "ಅದಕ್ಕೆ ಬಾಳೆಹಣ್ಣು, ಸೇಬು ಕೊಡ್ತಾರಲ್ಲ!" ನಿಜ, ಕೊಟ್ಟಿದ್ದಾರೆ. ಆದ್ರೆ ಯಾವಾಗ? ಕಣ್ಣು ಹೋಗಿ, ವಾಸನೆ ತಿಳಿಯದೆ, ಕೊಕ್ಕು ಮೊಂಡಾಗಿ ಹುಲ್ಲು ಕಚ್ಚಲಾರದ ಸ್ಥಿತಿಗೆ ಬಂದಾಗ, ಅಲ್ಲಿನ ಪಶುವೈದ್ಯರು ವಾರಕ್ಕೊಮ್ಮೆ ಕೈಯಾರೆ ಹಣ್ಣು ತರಕಾರಿ ತಿನ್ನಿಸೋಕೆ ಶುರುಮಾಡಿದ್ರು. ಕೊಕ್ಕು ಮತ್ತೆ ಹರಿತವಾಯ್ತು. ಅದು ಒಬ್ಬ ಮುದುಕನಿಗೆ ಕೊಟ್ಟ ಔಷಧ. ಅಜ್ಜನ ಟಾನಿಕ್ಕನ್ನ ಮೊಮ್ಮಗನಿಗೆ ಊಟ ಅಂತ ಬಡಿಸ್ತೀವಾ?

ಕೊನೆಗೆ ಒಂದು ಖಾರದ ಮಾತು, ಊರಲ್ಲಿರೋ ಗೆಳೆಯರಿಗೆ. ನಮ್ಮ ಬಯಲುಸೀಮೆಯ ಕುರುಚಲು ಕಾಡುಗಳ ನಕ್ಷತ್ರ ಆಮೆಯನ್ನ ಅದೃಷ್ಟ ಅಂತ ಮನೇಲಿ ಇಟ್ಟುಕೊಳ್ಳೋರು ಇದ್ದಾರೆ. "ಅದಕ್ಕೆ ಏನು ಹಾಕಬೇಕು?" ಅಂತ ನನ್ನನ್ನೂ ಕೇಳಿದ್ದಾರೆ. ಅದಕ್ಕೆ ನನ್ನ ಹತ್ರ ಊಟದ ಪಟ್ಟಿ ಇಲ್ಲ. ಅದನ್ನ ಸಾಕೋದೇ ಕಾನೂನಿಗೆ ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ನಕ್ಷತ್ರ ಆಮೆ ಒಂದನೇ ಅನುಸೂಚಿಗೆ ಬಂದಿದೆ, ಅಂದ್ರೆ ಹುಲಿಯ ಸಾಲಿಗೆ. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ರು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದ ಒಂದೇ ಒಂದು ಕಳ್ಳಸಾಗಣೆ ಕೇಂದ್ರದಿಂದ ಒಂದು ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳನ್ನ ಕಾಡಿಂದ ಎತ್ತಿದ್ದಾರೆ. ನಿಮ್ಮ ಮನೆಯ ಅದೃಷ್ಟ ಬಂದದ್ದು ಇಂಥ ಮೂಟೆಯಲ್ಲೇ ಇರಬಹುದು.

ಮನೇಲಿ ಈಗಾಗಲೇ ಇದ್ರೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಿ. ದಯವಿಟ್ಟು ರಾತ್ರೋರಾತ್ರಿ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಬರಬೇಡಿ. "ಆಮೆ ಅಲ್ವಾ, ಈಜುತ್ತೆ" ಅಂತ ಬಿಡ್ತಾರೆ. ನೆಲದಾಮೆಗೆ ಈಜೋಕೆ ಬರಲ್ಲ ಸ್ವಾಮಿ, ಮುಳುಗಿ ಸಾಯುತ್ತೆ. ಎರಡಕ್ಕೂ ಒಂದೇ ಹೆಸರಿಟ್ಟುಕೊಂಡಿರೋದರ ಬೆಲೆಯನ್ನ ಅದು ತೆರಬೇಕಾ?

ಆಮೆಗೆ ಒಳ್ಳೇದು ಮಾಡೋದು ಅಂದ್ರೆ ನಮ್ಮ ಕೈಯನ್ನ ಸ್ವಲ್ಪ ಹಿಂದಕ್ಕೆ ಎಳಕೊಳ್ಳೋದು. ಕಾನೂನುಬದ್ಧವಾಗಿ ಸಾಕೋರಿಗೆ ಅದರ ಅರ್ಥ ಬಡವಾಗಿ ಕಾಣೋ ಆ ಹುಲ್ಲನ್ನ ಹಾಕಿ ಸುಮ್ಮನಿರೋದು. ಉಳಿದವರಿಗೆ, ಅದು ತನ್ನ ಹುಲ್ಲನ್ನ ತಾನೇ ಹುಡುಕಿಕೊಳ್ಳೋ ಜಾಗದಲ್ಲಿ ಅದನ್ನ ಬಿಟ್ಟುಬಿಡೋದು. ನೀವೇನಂತೀರಿ? ನಿಮ್ಮ ಊರಲ್ಲಿ ಆಮೆ ಸಾಕೋರು ಏನು ಹಾಕ್ತಾರೆ ಅಂತ ಬರೀರಿ, ಜಗಳ ಆಡೋದಿದ್ರೂ ಬನ್ನಿ. ಅಮ್ಮ ಮಾತ್ರ ಇವತ್ತಿಗೂ ಫೋನಲ್ಲಿ, "ಅವನಿಗೆ ಒಂದು ತುತ್ತು..." ಅಂತ ರಾಗ ಎಳೀತಾರೆ :)