ಹೊಲಿಯೋರಿಗೆ ಕಂಪ್ಯೂಟರ್ ಬರಲ್ಲವಂತೆ!

"ಹೊಲಿಯೋರಿಗೆ ಕಂಪ್ಯೂಟರ್ ಬರಲ್ಲ ಸರ್, ಅದಕ್ಕೇ ಹತ್ತು ಸಲ ಫೋನ್ ಮಾಡ್ತಾರೆ." ಚಾಮರಾಜನಗರದಲ್ಲಿ ಎಂಬ್ರಾಯ್ಡರಿ ಡಿಸೈನ್ ಮಾರುವವರೊಬ್ಬರು ನನಗೆ ಹೇಳಿದ ಮಾತು. ನನಗೆ ಸಿಟ್ಟು ಬಂತು. ಯಾಕೆ ಅಂತ ಹೇಳ್ತೀನಿ.

ಗುಂಡ್ಲುಪೇಟೆಯ ನಮ್ಮ ಚಿಕ್ಕಮ್ಮ ಸಾಲ ಮಾಡಿ ಎಂಬ್ರಾಯ್ಡರಿ ಮೆಷಿನ್ ತಗೊಂಡಿದ್ದಾರೆ. ಮದುವೆ ಬ್ಲೌಸಿನ ಬೆನ್ನಿಗೆ ಅಂತ ಇವರ ಹತ್ತಿರ ನವಿಲಿನ ಡಿಸೈನ್ ಕೊಂಡರು. ವಾಟ್ಸಾಪಿನಲ್ಲಿ ಬಂದ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಮೆಷಿನ್ನಿಗೆ ಚುಚ್ಚಿದರೆ ಪರದೆ ಖಾಲಿ! "ಅವ್ನು ಸರಿಯಾಗೈತೆ ಅಂತಾನೆ, ಮೆಷಿನ್ನು ಏನೂ ಇಲ್ಲ ಅಂತೈತೆ. ನಾನು ಯಾರ್ನ ನಂಬ್ಲಿ ಮಗ?"

ಊರಿಗೆ ಹೋದಾಗ ನೋಡಿದೆ. ಪೆನ್‌ಡ್ರೈವ್ 64 ಜಿಬಿಯದು, ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಆಗಿತ್ತು. ಮೆಷಿನ್ ಓದುವುದು ಫ್ಯಾಟ್32 ಮಾತ್ರ. 8 ಜಿಬಿಯದು ಹಾಕಿದೆ, ಆಗಲೂ ಖಾಲಿ. ನವಿಲು 130 ಮಿಲಿಮೀಟರ್, ಮೆಷಿನ್ನಿನ ಫ್ರೇಮ್ 100. ಫ್ರೇಮಿಗೆ ಹಿಡಿಸದ ಡಿಸೈನನ್ನು ಆ ಮೆಷಿನ್ ತೋರಿಸುವುದೇ ಇಲ್ಲ. "ಡಿಸೈನ್ ದೊಡ್ಡದಾಯ್ತು" ಅಂತ ಒಂದು ಸಾಲು ಹೇಳಿದ್ದರೆ ಸಾಕಿತ್ತು. ಅಷ್ಟರಲ್ಲಿ ಬ್ಲೌಸಿನವರು ಬಟ್ಟೆ ವಾಪಸ್ ತಗೊಂಡು ಹೋಗಿದ್ದರು. ಕಂತು ಮಾತ್ರ ನಿಲ್ಲಲಿಲ್ಲ.

ಈಗ ಹೇಳಿ, ಕಂಪ್ಯೂಟರ್ ಬರದೇ ಇದ್ದದ್ದು ಯಾರಿಗೆ? ತಪ್ಪನ್ನು ಹೇಳದೆ ಸುಮ್ಮನೆ ಕೂರುವ ಸಾಫ್ಟ್‌ವೇರ್ ಬರೆದವರು ನಮ್ಮಂಥವರೇ. 'ಯೂಸರ್ ಎರರ್' ಅಂತ ಬರೆದು ಟಿಕೆಟ್ ಮುಚ್ಚಿ ಟೀಗೆ ಹೋಗುವವರೂ ನಾವೇ.

ಸರಿ, ನವಿಲನ್ನು ಚಿಕ್ಕದು ಮಾಡಬಹುದಲ್ಲ? ಅಲ್ಲೇ ಇರೋದು ಮಜಾ. ಅಂಗಡಿಯವರು ಕೊಟ್ಟದ್ದು ಡಿಎಸ್‌ಟಿ ಫೈಲ್. ಟಾಜಿಮಾದ ಡಿಎಸ್‌ಟಿ, ಬ್ರದರ್‌ನ ಪಿಇಎಸ್, ಜಾನೋಮೆಯ ಜೆಇಎಫ್, ಹೀಗೆ ಒಂದೊಂದು ಕಂಪನಿಗೆ ಒಂದೊಂದು ಲಿಪಿ. ಡಿಎಸ್‌ಟಿಯಲ್ಲಿ ನವಿಲಿನ ಚಿತ್ರವೇ ಇರಲ್ಲ. ಸೂಜಿ ಎತ್ತ ಎಷ್ಟು ಸರಿಯಬೇಕು ಅನ್ನುವ ಪಟ್ಟಿ ಇರುತ್ತೆ, 0.1 ಮಿಲಿಮೀಟರ್ ಲೆಕ್ಕದಲ್ಲಿ. ದಾರದ ಬಣ್ಣ ಯಾವುದು ಅಂತಲೂ ಇರಲ್ಲ, ಎಲ್ಲಿ ಬದಲಾಯಿಸಬೇಕು ಅನ್ನುವುದಷ್ಟೇ. ಅದನ್ನು ಹಾಗೇ ಕುಗ್ಗಿಸಿದರೆ ಅಷ್ಟೇ ಹೊಲಿಗೆ ಚಿಕ್ಕ ಜಾಗದಲ್ಲಿ ಒತ್ತಿಕೊಂಡು ದಾರ ಕಡಿಯುತ್ತೆ, ಸೂಜಿ ಮುರಿಯುತ್ತೆ. ಸರಿಯಾಗಿ ಕುಗ್ಗಿಸಲು ಮೂಲ ಫೈಲ್ ಬೇಕು. ಅದು ಅಂಗಡಿಯಲ್ಲೇ ಇರುತ್ತೆ. ಹಿಟ್ಟು ಅವರ ಹತ್ತಿರ, ನಮಗೆ ಬೆಂದ ಇಡ್ಲಿ. ಅಳತೆ ಬದಲಾದರೆ ಮತ್ತೆ ದುಡ್ಡು ಕೊಡಿ.

"ಮೂಲ ಕೊಟ್ರೆ ಕಾಪಿ ಮಾಡಿ ಹಂಚ್ತಾರೆ ಸರ್" ಅಂದರು. ಭಯ ಸುಳ್ಳಲ್ಲ, ಡಿಸೈನ್ ಮಾಡೋದೂ ದುಡಿಮೆಯೇ. ಆದರೆ ಡಿಎಸ್‌ಟಿಯನ್ನೂ ಹಂಚಬಹುದಲ್ಲ ಸ್ವಾಮಿ! ಮೂಲಕ್ಕೆ ಒಂದು ಬೆಲೆ ಕಟ್ಟಿ. ಅದೂ ಆಗಲ್ಲ ಅಂದರೆ ದುಡ್ಡು ಇಸ್ಕೊಳ್ಳೋ ಮೊದಲು "ಅಮ್ಮ, ನಿಮ್ಮ ಫ್ರೇಮ್ ಎಷ್ಟು?" ಅಂತಾದರೂ ಕೇಳಿ.

ಇನ್ನು ನಮ್ಮ ಪಾಲು. ಇಂಕ್‌ಸ್ಕೇಪ್ ಪುಕ್ಕಟೆ, ಅದರೊಳಗೆ ಕೂರುವ ಇಂಕ್‌ಸ್ಟಿಚ್ಚೂ ಪುಕ್ಕಟೆ. ಚಿತ್ರ ಬರೆದು, ಹೊಲಿಗೆ ಮಾಡಿ, ಈ ಮೂರೂ ಲಿಪಿಯಲ್ಲಿ ಫೈಲ್ ತೆಗೆಯಬಹುದು. ಚಿಕ್ಕಮ್ಮನಿಗೆ ಹಳೇ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟೆ. ಮೊದಲ ಹೂವಿನ ದಾರ ಮೂರು ಸಲ ಕಡೀತು, ನಾಲ್ಕನೇದು ಬಂತು. ಎಷ್ಟು ಒತ್ತಾಗಿ ಹೊಲಿದರೆ ಬಟ್ಟೆ ಸುಕ್ಕಾಗುತ್ತೆ ಅನ್ನುವುದು ಅವರಿಗೆ ಮೊದಲೇ ಗೊತ್ತು, ನನಗೆ ಗೊತ್ತಿರಲಿಲ್ಲ.

ಮುಂದಿನ ಸಲ ಊರಿನ ಬಸ್ಸು ಹತ್ತುವಾಗ ಮೈಸೂರು ಪಾಕಿನ ಜೊತೆ 8 ಜಿಬಿಯ ಒಂದು ಪೆನ್‌ಡ್ರೈವನ್ನೂ ತಗೊಂಡು ಹೋಗಿ. ಒಂದು ಭಾನುವಾರ ಅಲ್ಲೇ ಕೂತು ಹೇಳಿಕೊಡಿ.